ಹಳೆಯ ತೊಟ್ಟಿಲಿಗೆ ಹೊಸ ಮೆರುಗು

ಕಳೆದ ವರ್ಷ ಮೇ ತಿಂಗಳ ಕೊನೆಯ ಭಾನುವಾರ. ಬೆಳಗಿನ ಪೂಜೆ ಮುಗಿದು ಜನ ಚದುರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಲಗೇಜ್ ಆಟೋದಲ್ಲಿ ಒಂದು ಹಳೆಯ ತೊಟ್ಟಿಲನ್ನು ಹೇರಿಸಿಕೊಂಡು ಬಂದು ನನ್ನ ನಿವಾಸದ ಜಗಲಿಯ ಮೇಲೆ ಇಳಿಸಿದರು. "ಸ್ವಾಮಿ, ನೀವು ಮರಗೆಲಸ ಕಲೀತಾ ಇದ್ದೀರಂತೆ. ಮೊಮ್ಮಗಳಿಗೆ ಆಗಸ್ಟ್‌ನಲ್ಲಿ ದಿನ ತುಂಬ್ತದೆ. ಇದನ್ನ ಒಂದಿಷ್ಟು ಚೆನ್ನಾಗಿ ಮಾಡ್ಕೊಡಿ" ಎಂದರು. ಹಲಸಿನ ಮರದ ಆ ತೊಟ್ಟಿಲನ್ನು ಅವರ ಮಾವನವರು ತಮ್ಮ ಕೈಯಾರೆ ಮಾಡಿದ್ದರಂತೆ. ಆ ಮನೆಯ ಹನ್ನೊಂದು ಮಕ್ಕಳು ಅದರಲ್ಲಿ ಮಲಗಿ ಬೆಳೆದಿದ್ದರು. ಕಾಲಕಾಲಕ್ಕೆ ಬಳಿದ ಹಸಿರು, ಹಳದಿ, ಕೆಂಪು ಎನಾಮಲ್ ಬಣ್ಣಗಳು ಒಂದರ ಮೇಲೊಂದು ಕುಳಿತು, ಎಲ್ಲೆಡೆ ಬಿರುಕುಬಿಟ್ಟು ಹಕ್ಕಳೆಯಾಗಿ ಏಳುತ್ತಿದ್ದವು. ಪಕ್ಕದ ನಾಲ್ಕು ಕಂಬಿಗಳು ಮುರಿದಿದ್ದವು. ನಾನು ಹಿಂದುಮುಂದು ಯೋಚಿಸದೆ ಒಪ್ಪಿಕೊಂಡುಬಿಟ್ಟೆ.

ಮರಗೆಲಸದ ಹವ್ಯಾಸ ನನಗೆ ಹತ್ತಿಕೊಂಡದ್ದು ಐವತ್ತು ದಾಟಿದ ಮೇಲೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಅಭ್ಯಾಸ ಮಾಡುತ್ತಿದ್ದಾಗ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ಸಿದ್ಧಾಂತವನ್ನು ಬಹಳ ಆಸ್ಥೆಯಿಂದ ಓದಿದ್ದೆ. ದ್ರವ್ಯಕ್ಕೆ ಆತ ಬಳಸಿದ 'ಹೂಲೆ' ಎಂಬ ಗ್ರೀಕ್ ಪದದ ಮೂಲಾರ್ಥ ಕಾಡು, ಕಟ್ಟಿಗೆ, ಮರಮುಟ್ಟು. ಲ್ಯಾಟಿನ್ನಿನ 'ಮಾತೇರಿಯ' ಎಂಬ ಪದಕ್ಕೂ ಮರಮುಟ್ಟು ಎಂಬ ಅರ್ಥವುಂಟು. ಇದನ್ನೆಲ್ಲ ಉತ್ತರ ಪತ್ರಿಕೆಯಲ್ಲಿ ಬರೆದು ಅಂಕ ಗಳಿಸಿದವನು ನಾನು. ಆದರೆ ಮೂವತ್ತು ವರ್ಷ ಆ ಪದಗಳನ್ನು ಬಳಸಿಯೂ ಒಂದು ಹಲಗೆಯ ಮೇಲೆ ಕೈಯಾಡಿಸಿ ಅದರ ನಾರು ಯಾವ ಕಡೆಗೆ ಹರಿದಿದೆ ಎಂದು ನೋಡಿರಲಿಲ್ಲ. ಒಂದು ಸ್ಟೂಲು, ಎರಡು ಪುಸ್ತಕದ ಗೂಡು, ಪೂಜಾವಸ್ತ್ರಗಳ ಬೀರುವಿಗೆ ಒಂದು ಬಾಗಿಲು, ಇಷ್ಟು ಮಾಡಿದ ಮೇಲೆ ನನಗೆ ಅರಿವಾದದ್ದೇನೆಂದರೆ, ಕೊಯ್ಯುವುದು ಮತ್ತು ಜೋಡಿಸುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧ ಮೆರುಗು. ಅದನ್ನು ನಾನು ಕಲಿತೇ ಇರಲಿಲ್ಲ.

ತೊಟ್ಟಿಲು ಬಂದ ಮರುದಿನವೇ ಜಗಲಿಯ ಮೇಲೆ ಕುಳಿತು ಒರಟು ಸ್ಯಾಂಡ್‌ಪೇಪರ್ ಹಿಡಿದು ಬಣ್ಣ ಉಜ್ಜಲಾರಂಭಿಸಿದೆ. ಬೇಸಿಗೆ ರಜೆಯ ದಿನಗಳು. ಸುತ್ತ ಏಳೆಂಟು ಮಕ್ಕಳು ನೆರೆದಿದ್ದರು. ಹಳದಿ ಧೂಳು ಗಾಳಿಯಲ್ಲಿ ಏಳುತ್ತಿತ್ತು. ಆಗ ಅತ್ತ ಬಂದ ವೃದ್ಧ ಆಚಾರಿಯೊಬ್ಬರು ಗೇಟಿನಿಂದಲೇ ಗದರಿದರು: "ಸ್ವಾಮಿ, ಮೊದಲು ಹುಡುಗರನ್ನ ಆಚೆ ಕಳಿಸಿ. ಹಳೇ ಬಣ್ಣದ ಧೂಳು ಒಳ್ಳೇದಲ್ಲ." ನಾಲ್ಕು ದಶಕಗಳ ಕಾಲ ದೊಡ್ಡಬಳ್ಳಾಪುರದ ಸುತ್ತಮುತ್ತ ಬಾಗಿಲು ಕಿಟಕಿ ಮಾಡಿದ ಕೈ ಅವರದು. ಅಂದಿನಿಂದ ಅವರೇ ನನಗೆ ಗುರುಗಳಾದರು.

ಅವರ ಮಾತಿನ ಹಿಂದಿರುವ ಕಾರಣವನ್ನು ಪರಿಚಿತ ಮಕ್ಕಳ ವೈದ್ಯರೊಬ್ಬರು ನನಗೆ ವಿವರಿಸಿದರು. ಅದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅಗತ್ಯವೆಂದು ಭಾವಿಸಿ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ. ಹಳೆಯ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನಲ್ಲಿ, ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಬಣ್ಣ ಉಜ್ವಲವಾಗಿ ಕಾಣುವುದಕ್ಕೂ ಬೇಗ ಒಣಗುವುದಕ್ಕೂ ಅದು ನೆರವಾಗುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ರೂಪುಗೊಂಡು, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಮೊದಲು ಬಳಿದ ಬಣ್ಣದ ವಿಷಯದಲ್ಲಿ ಯಾವ ಭರವಸೆಯೂ ಇಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇಷ್ಟು ಮಟ್ಟದವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಹಲ್ಲು ಮೂಡುತ್ತಿರುವ ಕೂಸು ತೊಟ್ಟಿಲಿನ ಅಂಚನ್ನು ಕಚ್ಚುವುದು ಸಹಜ. ಆ ಹನ್ನೊಂದು ಮಕ್ಕಳಲ್ಲಿ ಎಷ್ಟು ಮಂದಿ ಆ ಹಳದಿ ಅಂಚನ್ನು ಚೀಪಿದ್ದರೋ ಎಂದು ಯೋಚಿಸಿ ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಆಚಾರಿಗಳು ಹೇಳಿಕೊಟ್ಟ ಕ್ರಮ ಹೀಗಿತ್ತು. ಮನೆಯಿಂದ ದೂರದಲ್ಲಿ, ಮಕ್ಕಳೂ ಬಸುರಿಯರೂ ಸುಳಿಯದ ಕಡೆ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಬೇಕು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಬೇಕು; ಬರಿಯ ಕರವಸ್ತ್ರ ಸಾಲದು. ಬಣ್ಣವನ್ನು ನೀರಿನಿಂದ ತೋಯಿಸಿ, ಒದ್ದೆಯಾಗಿರುವಾಗಲೇ ಕೆರೆಯಬೇಕು. ಒಣ ಉಜ್ಜಾಟ ಕೂಡದು. ಬೆಂಕಿ ಹಿಡಿದು ಸುಡುವುದಂತೂ ಸರ್ವಥಾ ಸಲ್ಲ, ಏಕೆಂದರೆ ಹೊಗೆಯೂ ವಿಷವೇ. ಕೆರೆದ ಬಣ್ಣವನ್ನು ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಬೇರೆ ಇಡಬೇಕು, ತಿಪ್ಪೆಗೆ ಎಸೆಯಬಾರದು. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು. ಇಷ್ಟೆಲ್ಲ ಮಾಡಿಯೂ ಮೇಲಿನ ಅಂಚಿನ ಬಿರುಕುಗಳೊಳಗೆ ಹಳದಿ ಉಳಿದುಕೊಂಡಿತು. "ಇದನ್ನ ತೆಗೆದು ಬೇರೆ ಹಾಕೋಣ" ಎಂದು ಆಚಾರಿಗಳು ನಿರ್ಧರಿಸಿದರು. ಅಂಚಿಗೆ ಹೊಸ ಹಲಸಿನ ತುಂಡು ಸಿಕ್ಕಿದ್ದು ನಮ್ಮ ತೂಬಗೆರೆ ಹೋಬಳಿಯಿಂದಲೇ. ಆ ಸೀಮೆಯ ಹಲಸಿನ ತೊಳೆಯ ರುಚಿ ಎಲ್ಲರೂ ಬಲ್ಲರು. ಮರದ ಗುಣ ಬಲ್ಲವರು ಕಡಿಮೆ. ಕೊಯ್ದಾಗ ಅರಿಸಿನದಂತೆ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ, ಮುಂದೆ ಕಂದಿಗೆ ತಿರುಗುವ ಮರವದು. ವೀಣೆಗೂ ಮೃದಂಗಕ್ಕೂ ಆರಿಸಿಕೊಳ್ಳುವ ಮರವೂ ಅದೇ.

ನುಣುಪು ಮಾಡುವ ಕೆಲಸದಲ್ಲಿ ನನಗೆ ಬೈಗುಳ ಬಿದ್ದದ್ದು ಹೆಚ್ಚು. 80ನೇ ನಂಬರಿನ ಒರಟು ಕಾಗದದಿಂದ ನೇರವಾಗಿ 220ನೇ ನಂಬರಿನ ನಯವಾದ ಕಾಗದಕ್ಕೆ ಹಾರಿದ್ದೆ. ಕೈಗೆ ನುಣುಪಾಗಿಯೇ ಇತ್ತು. ಆಚಾರಿಗಳು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಉದ್ದಕ್ಕೂ ಗೀರುಗಳು! 80, 120, 180, 220 ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು, ಒಂದೊಂದು ಕಾಗದವೂ ಹಿಂದಿನ ಕಾಗದದ ಗೀರನ್ನು ಅಳಿಸಬೇಕು, ಕೈ ಯಾವಾಗಲೂ ನಾರಿನ ಗುಂಟ ಸಾಗಬೇಕು. ನಾರಿಗೆ ಅಡ್ಡಲಾಗಿ ಎಳೆದ ಗೀರು ಬರಿಯ ಮರದಲ್ಲಿ ಅಡಗಿದ್ದು ಪಾಲಿಶ್ ಬಿದ್ದೊಡನೆ ಎದ್ದು ಕಾಣುತ್ತದೆ. ಕಡೆಯ ಸುತ್ತಿಗೆ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ, ಒರಗಿದ್ದ ಸಣ್ಣ ನಾರುಗಳು ನಿಮಿರುತ್ತವೆ. ಅವನ್ನು ಆಗಲೇ ಮೃದುವಾಗಿ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಮೊದಲ ಲೇಪಕ್ಕೇ ಅವು ಮುಳ್ಳಿನಂತೆ ಏಳುತ್ತವೆ. ಇದಿಷ್ಟನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆಂದು ಅರಿಸ್ಟಾಟಲ್ ಬರೆದಿದ್ದಾನೆ. ಕಟ್ಟಿ ಕೆಡಿಸಿದ್ದನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆಂದು ಮಾತ್ರ ಆತ ಹೇಳಿದಂತಿಲ್ಲ.

ಜೂನ್ ತಿಂಗಳ ಮಧ್ಯದಲ್ಲಿ, ಆಚಾರಿಗಳು ಊರಿನಲ್ಲಿಲ್ಲದ ಸಮಯ ನೋಡಿ, ನಾನೊಂದು ಅವಸರದ ಕೆಲಸ ಮಾಡಿದೆ. ಅಂಗಡಿಯಿಂದ ಹೊಳಪಿನ ವಾರ್ನಿಷ್ ತಂದು, ಮೂರು ಸಲ ತೆಳುವಾಗಿ ಬಳಿಯುವ ಬದಲು ಒಂದೇ ಸಲ ದಪ್ಪವಾಗಿ ಬಳಿದುಬಿಟ್ಟೆ. ಅಂದು ಸಂಜೆ ಮಳೆ. ಮೇಲ್ಪದರ ಕೆನೆಗಟ್ಟಿತು, ಒಳಗೆ ಹಸಿಯೇ ಉಳಿಯಿತು. ಎಂಟು ದಿನ ಕಳೆದರೂ ಬೆರಳು ಅಂಟುತ್ತಿತ್ತು. ದೀಪದ ಹುಳುಗಳು ಬಂದು ಅದರಲ್ಲೇ ಸಮಾಧಿಯಾದವು. ಎಲ್ಲವನ್ನೂ ಕೆರೆದು ಮತ್ತೆ 80ನೇ ನಂಬರಿಗೆ ಇಳಿಯಬೇಕಾಯಿತು. ಆಗಸ್ಟ್‌ಗೆ ಆರೇ ವಾರ ಉಳಿದಿದ್ದವು.

ಇನ್ನೊಂದು ಅಚಾತುರ್ಯ ಇದಕ್ಕಿಂತ ಗಂಭೀರವಾದದ್ದು. ಅದೇ ದಿನಗಳಲ್ಲಿ ಹಳೆಯ ಕುರ್ಚಿಯೊಂದಕ್ಕೆ ಅಗಸೆ ಎಣ್ಣೆ ಹಚ್ಚಿ ನೋಡಿದೆ. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುವ ಎಣ್ಣೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಹಾಗೆ ಗಟ್ಟಿಯಾಗುವುದಿಲ್ಲ. ಮರಕ್ಕೆ ಹಚ್ಚಿದರೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತವೆ. ಕುರ್ಚಿ ಚೆನ್ನಾಗಿಯೇ ಬಂತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಯ ರಟ್ಟಿನ ಪೆಟ್ಟಿಗೆಗೆ ಹಾಕಿ ಊಟಕ್ಕೆ ಹೋದೆ. ಮಧ್ಯಾಹ್ನ ಮೂರು ಗಂಟೆಗೆ ಸುಟ್ಟ ವಾಸನೆ. ಹೋಗಿ ನೋಡಿದರೆ ಪೆಟ್ಟಿಗೆಯಿಂದ ಹೊಗೆ ಏಳುತ್ತಿದೆ! ಬೆಂಕಿಕಡ್ಡಿ ಗೀರಿದವರು ಯಾರೂ ಇರಲಿಲ್ಲ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಹರವಿದ್ದರೆ ಅದು ಗಾಳಿಗೆ ಹೋಗುತ್ತದೆ. ಮುದ್ದೆಯಾಗಿದ್ದರೆ ಒಳಗೇ ಕೂಡಿಬಂದು ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದು ಬಕೆಟ್ ನೀರಿಗೆ ಅನಾಹುತ ತಪ್ಪಿತು. ಮನೆಯಲ್ಲಿ ಅಗಸೆ ಎಣ್ಣೆ ಬಳಸುವವರು ದಯಮಾಡಿ ನೆನಪಿಡಿ: ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಊರಿಗೆ ಮರಳಿದ ಆಚಾರಿಗಳು ನನ್ನ ಸಾಹಸಗಳನ್ನೆಲ್ಲ ಕೇಳಿ, ಬೈಯಲೂ ಇಲ್ಲ, ನಗಲೂ ಇಲ್ಲ. "ಮಗು ಬಾಯಿಗೆ ಹೋಗೋ ಮರ. ಅರಗೇ ಸರಿ" ಎಂದರು.

ಅರಗು ಎಂದೊಡನೆ ನಮಗೆ ನೆನಪಾಗುವುದು ಮಹಾಭಾರತದ ಅರಗಿನ ಮನೆ. ಮುತ್ತುಗ, ಬೋರೆ, ಸಾಗಡೆ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ವಾಸಿಸುವ ಒಂದು ಸಣ್ಣ ಕೀಟ, ರಸ ಹೀರಿ, ತನ್ನ ಮೈಯ ರಕ್ಷಣೆಗೆ ಸ್ರವಿಸುವ ರಾಳವಿದು. ಒಂದು ಕಿಲೋ ಅರಗಿನ ಹಿಂದೆ ಲಕ್ಷಗಟ್ಟಲೆ ಕೀಟಗಳ ದುಡಿಮೆಯುಂಟು. ಜಾರ್ಖಂಡ್, ಛತ್ತೀಸಗಡಗಳ ಕಾಡಂಚಿನ ಆದಿವಾಸಿ ಕುಟುಂಬಗಳಿಗೆ ಇದೊಂದು ಬೆಳೆ. ರಾಂಚಿಯಲ್ಲಿ ಇದರ ಸಂಶೋಧನೆಗೆಂದೇ ಒಂದು ಸಂಸ್ಥೆ 1924ರಲ್ಲಿ ಸ್ಥಾಪನೆಯಾಯಿತು. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿದ್ದದ್ದು ಅರಗು. ಇಂದಿಗೂ ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಹೊಳಪಿನ ತೆಳು ಲೇಪವಾಗಿ ಅದು ನಮ್ಮ ಹೊಟ್ಟೆ ಸೇರುತ್ತದೆ. 19ನೇ ಶತಮಾನದಲ್ಲಿ ಯೂರೋಪಿನಲ್ಲಿ ಹೆಸರಾದ 'ಫ್ರೆಂಚ್ ಪಾಲಿಶ್' ಎಂಬುದೂ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ. ಹೆಸರು ಅವರದು, ಅರಗು ನಮ್ಮ ಕಾಡಿನದು.

ಮುರಿದ ನಾಲ್ಕು ಕಂಬಿಗಳನ್ನು ಕಡೆಸಲು ಚನ್ನಪಟ್ಟಣಕ್ಕೆ ಹೋಗಬೇಕಾಯಿತು. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗುವವರೆಗೆ ಚನ್ನಪಟ್ಟಣ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಆ ಸಲಿಗೆಯಿಂದಲೇ ಹೋದೆ. ಅಲ್ಲಿನ ಬೊಂಬೆಗಳಿಗೆ ಬಳಸುವುದು ಹಾಲೆ ಮರ. ಬಿಳಿಯ ಬಣ್ಣ, ನವಿರಾದ ನಾರು, ಕಡೆಯಲು ಬಲು ಹಗುರ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂಬುದು ಅಲ್ಲಿನ ಪರಂಪರಾಗತ ನಂಬಿಕೆ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬುವರು ಜಪಾನಿನ ವಿಧಾನಗಳನ್ನು ತಂದು ಕಸುಬನ್ನು ಬೆಳೆಸಿದರೆಂದೂ ಹೇಳುತ್ತಾರೆ. ಈಗ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ.

ಅಲ್ಲಿ ಕಂಡದ್ದನ್ನು ಮರೆಯಲಾರೆ. ಕುಂಚವಿಲ್ಲ, ಡಬ್ಬಿಯಿಲ್ಲ, ಒಣಗಿಸುವ ಮಾತೇ ಇಲ್ಲ. ಯಂತ್ರದಲ್ಲಿ ಕಂಬಿ ಗಿರಗಿರನೆ ತಿರುಗುತ್ತಿದೆ. ಕುಶಲಕರ್ಮಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯೊಂದನ್ನು ಅದಕ್ಕೆ ಒತ್ತುತ್ತಾನೆ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೂಡಲೇ ಕೇದಗೆಯ ಜಾತಿಯ ತಾಳೆಗರಿಯ ತುಂಡೊಂದನ್ನು ಮಡಿಸಿ ಒತ್ತಿ ಹಿಡಿಯುತ್ತಾನೆ. ಮುದ್ದೆಮುದ್ದೆಯಾಗಿದ್ದ ಬಣ್ಣ ಸಮನಾಗಿ ಹರಡಿ, ಕಣ್ಣೆದುರಿಗೇ ಕನ್ನಡಿಯಾಗುತ್ತದೆ. ಎರಡು ನಿಮಿಷದ ಕೆಲಸ. ನಾನೂ ಕೇಳಿಕೊಂಡು ಒಮ್ಮೆ ಪ್ರಯತ್ನಿಸಿದೆ. ಒತ್ತಡ ಕಡಿಮೆಯಾಗಿ ಅರಗು ಕರಗಲೇ ಇಲ್ಲ. ಮತ್ತೆ ಬಲವಾಗಿ ಒತ್ತಿದೆ, ಕಡ್ಡಿ ತುಂಡಾಗಿ ಹಾರಿತು. "ಕೈಗೆ ಗೊತ್ತಾಗ್ಬೇಕು ಫಾದರ್, ಹೇಳಕ್ಕಾಗಲ್ಲ" ಎಂದು ಆತ ಸಂಕೋಚದಿಂದ ನಕ್ಕ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ತೊಟ್ಟಿಲುಗಳಿಗೇ ಅರಗಿನ ಬಣ್ಣ ಕೊಡುವ ಚಿತ್ರಗಾರರಿದ್ದಾರೆ. ಕೂಸಿನ ಬಾಯಿಗೂ ಅರಗಿಗೂ ಇರುವ ಹೊಂದಿಕೆಯನ್ನು ನಮ್ಮ ಹಿರಿಯರು ಪ್ರಯೋಗಾಲಯವಿಲ್ಲದೆಯೇ ಕಂಡುಕೊಂಡಿದ್ದರು. ನಡುವೆ ಎನಾಮಲ್ ಡಬ್ಬಿ ಅಗ್ಗವಾಗಿ ಬಂತು, ನಾವು ಅದಕ್ಕೆ ಮರುಳಾದೆವು.

ತೊಟ್ಟಿಲಿನ ಚೌಕಟ್ಟನ್ನು ಯಂತ್ರಕ್ಕೆ ಏರಿಸಲಾಗದು. ಅದಕ್ಕೆ ಕೈಪಾಲಿಶೇ ಗತಿ. ಸಿದ್ಧ ಪಾಲಿಶ್‌ಗಳಲ್ಲಿ ಬೇರೆ ಏನೇನು ಬೆರೆತಿರುತ್ತದೋ ತಿಳಿಯದಾದ್ದರಿಂದ ಶುದ್ಧ ಅರಗಿನ ಹಳಕುಗಳನ್ನೇ ತಂದೆವು. 100 ಗ್ರಾಂ ಹಳಕಿಗೆ ಅರ್ಧ ಲೀಟರ್ ಸ್ಪಿರಿಟ್ ಸುರಿದು, ಗಾಜಿನ ಭರಣಿಯಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆವು. ಪಾಲಿಶ್‌ಗೆ ಬಳಸುವ ಸ್ಪಿರಿಟ್ ವಿಷ. ಒಲೆಯ ಬಳಿ ಇಡಬಾರದು, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಬಾರದು. ಆದರೆ ಅದು ಮರದಿಂದ ಪೂರ್ತಿ ಆರಿಹೋಗಿ ಅರಗನ್ನಷ್ಟೇ ಉಳಿಸುತ್ತದೆ. ಕಲಸಿದ ಪಾಲಿಶನ್ನು ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಲೇಸು. ಹಳತಾದದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ.

ಹತ್ತಿಯ ಉಂಡೆಯೊಂದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಗಂಟು ಕಟ್ಟಬೇಕು. ಗಂಟಿನ ತಳದಲ್ಲಿ ಒಂದೂ ಸುಕ್ಕಿರಬಾರದು. ಪಾಲಿಶ್ ಕುಡಿಸಿ, ಹಿಂಡಿ, ಮರದ ಮೇಲೆ ಹಗುರವಾಗಿ ಸುತ್ತು ಸುತ್ತಾಗಿ ಆಡಿಸಬೇಕು. ಕೈ ಚಲಿಸುತ್ತಿರುವಾಗಲೇ ಮರವನ್ನು ಮುಟ್ಟಬೇಕು, ಚಲಿಸುತ್ತಿರುವಾಗಲೇ ಬಿಡಬೇಕು. ಒಂದು ಕ್ಷಣ ನಿಂತರೂ ಗಂಟು ಅಲ್ಲೇ ಅಂಟಿ, ಕೆಳಗಿನ ಲೇಪವನ್ನು ಕಿತ್ತುಕೊಂಡು ಏಳುತ್ತದೆ. ನನ್ನ ಕೈ ಎಷ್ಟು ಸಲ ನಿಂತಿತೆಂಬುದಕ್ಕೆ ತೊಟ್ಟಿಲಿನ ತಳ ಸಾಕ್ಷಿ. ಆಚಾರಿಗಳು ನನಗೆ ಮೊದಲು ಕೊಟ್ಟದ್ದು ತಳವನ್ನೇ. ಕಾಣದ ಕಡೆ ಕಲಿಯಲಿ ಎಂಬ ವಿವೇಕ ಒಂದು. ಎರಡೂ ಕಡೆ ಲೇಪವಿಲ್ಲದಿದ್ದರೆ ಮಳೆಗಾಲದಲ್ಲಿ ಹಲಗೆ ಒಂದೇ ಕಡೆ ತೇವ ಹೀರಿ ಬಾಗುತ್ತದೆಂಬ ಶಾಸ್ತ್ರ ಇನ್ನೊಂದು. ಮಳೆ ಸುರಿಯುವ ದಿನ ಅವರು ಭರಣಿಯ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ತೇವದ ಗಾಳಿಯಲ್ಲಿ ಅರಗು ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾಗಿ ಜುಲೈ ತಿಂಗಳಲ್ಲಿ ನಮಗೆ ಸಿಕ್ಕ ಬಿಸಿಲಿನ ದಿನಗಳು ಹನ್ನೊಂದು. ಲೇಪಗಳೂ ಹನ್ನೊಂದೇ ಆದವು.

ಅರಗು ಸರ್ವರೋಗಕ್ಕೂ ಮದ್ದೆಂದು ಹೇಳಲಾರೆ. ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿಯ ಬಳೆ ಮೂಡುತ್ತದೆ. ಊಟದ ಮೇಜಿಗೆ ಅದು ಒಗ್ಗದು. ಹೊರಗಿನ ಬಾಗಿಲಿಗೂ ಬೇಡ. ಅಂಥ ಕಡೆ ಇಂದಿನ ಗಟ್ಟಿ ರಾಸಾಯನಿಕ ಲೇಪಗಳೇ ಮೇಲು. ಆದರೆ ಅವು ಕೆಟ್ಟರೆ ಪೂರ್ತಿ ಕೆರೆದು ತೆಗೆಯಬೇಕು. ಅರಗಿನ ಲೇಪ ಗೀರಿದರೆ, ಗೀರಿದ ಕಡೆ ಮಾತ್ರ ಮತ್ತೆ ಅರಗು ತಾಗಿಸಿದರೆ ಸಾಕು. ಹೊಸ ಲೇಪದ ಸ್ಪಿರಿಟ್ ಹಳೆಯ ಲೇಪವನ್ನು ಕರಗಿಸಿ ಎರಡೂ ಒಂದಾಗುತ್ತವೆ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಈ ಗುಣಕ್ಕಾಗಿ. ಮರಗಳ ಬಗ್ಗೆ ಕ್ರಮಬದ್ಧವಾಗಿ ತಿಳಿಯಬಯಸುವ ಯುವಕರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಒಮ್ಮೆ ನೋಡಿಬರಬಹುದು. ಅಲ್ಲಿನ ಮರಗಳ ಮಾದರಿ ಸಂಗ್ರಹವೇ ಒಂದು ಪಾಠ. ಆದರೆ ಪಾಲಿಶ್ ಗಂಟು ಹಿಡಿಯುವುದನ್ನು ಕಲಿಸುವವರು ನಮ್ಮ ಊರುಗಳಲ್ಲೇ ಇದ್ದಾರೆ. ದೇವನಹಳ್ಳಿಯ ಕಡೆ ಏಳುತ್ತಿರುವ ಹೊಸ ಮನೆಗಳಿಗೆ ಸಿದ್ಧ ಬಾಗಿಲುಗಳು ಲಾರಿಯಲ್ಲಿ ಬಂದಿಳಿಯುತ್ತಿರುವಾಗ ಅವರನ್ನು ಕೇಳುವವರಿಲ್ಲ. ನಮ್ಮ ಆಚಾರಿಗಳ ಮಗ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದಾನೆ. ತಂದೆಯ ಉಳಿಗಳನ್ನು ಅವನು ಮುಟ್ಟಿಲ್ಲ. ಅದಕ್ಕಾಗಿ ಅವನನ್ನು ದೂಷಿಸುವ ಮನಸ್ಸು ನನಗಿಲ್ಲ. ದಿನವಿಡೀ ಉಜ್ಜಿದ ಕೆಲಸಕ್ಕೆ ಚೌಕಾಸಿ ಮಾಡಿದವರು ನಾವೇ ಅಲ್ಲವೆ? ಆಚಾರಿಗಳು ನನ್ನಿಂದ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಆ ತಾಯಿಯೇ ಕಟ್ಟುನಿಟ್ಟಾಗಿ ಲೆಕ್ಕ ಹಾಕಿ ಅವರ ಕೈಗಿಟ್ಟರು.

ಆಗಸ್ಟ್ ಮೊದಲ ವಾರದಲ್ಲಿ ತೊಟ್ಟಿಲು ಮನೆಗೆ ಹೋಯಿತು. ಸ್ಪಿರಿಟ್ಟಿನ ವಾಸನೆ ಕಿಂಚಿತ್ತೂ ಉಳಿಯದಂತೆ ಎರಡು ವಾರ ಗಾಳಿಯಲ್ಲಿ ತೂಗುಹಾಕಿದ ಮೇಲೆಯೇ ಬಳಸಬೇಕೆಂದು ಆಚಾರಿಗಳ ಆಜ್ಞೆ. ಹೆಣ್ಣು ಮಗು ಹುಟ್ಟಿತು. ಸೆಪ್ಟೆಂಬರಿನಲ್ಲಿ ಸ್ನಾನದೀಕ್ಷೆಯಾಯಿತು. ಈ ವರ್ಷ ಪಾಸ್ಕ ಕಾಲದಲ್ಲಿ ಮನೆಗಳ ಆಶೀರ್ವಾದಕ್ಕೆ ಹೋದಾಗ ಆ ತಾಯಿ ನನ್ನನ್ನು ತೊಟ್ಟಿಲ ಬಳಿಗೆ ಕರೆದು, ಅಪರಾಧ ಮಾಡಿದವರಂತೆ ಮೇಲಿನ ಅಂಚನ್ನು ತೋರಿಸಿದರು. ಸಾಲಾಗಿ ನಾಲ್ಕು ಸಣ್ಣ ಹಲ್ಲಿನ ಗುರುತುಗಳು. ಮರುದಿನ ಒಂದು ಸಣ್ಣ ಸೀಸೆಯಲ್ಲಿ ಅರಗನ್ನೂ ಜೇಬಿನಲ್ಲಿ ಪಂಚೆಯ ಗಂಟನ್ನೂ ಇಟ್ಟುಕೊಂಡು ಹೋದೆ. ಮಗುವನ್ನು ಎತ್ತಿಕೊಂಡು ಅವರು ಹಿತ್ತಿಲಿಗೆ ಹೋದರು. ಕಿಟಕಿಗಳನ್ನು ತೆರೆದು, ಗುರುತುಗಳ ಮೇಲೆ 320ನೇ ನಂಬರಿನ ಕಾಗದವನ್ನು ನಾರಿನ ಗುಂಟ ನಾಲ್ಕು ಸಲ ಎಳೆದು, ಧೂಳು ಒರೆಸಿ, ಗಂಟು ಆಡಿಸಿದೆ. ಅರ್ಧ ಗಂಟೆ ಹಿಡಿಯಿತು. ಹೊರಡುವಾಗ ಬಾಗಿಲ ಬಳಿ ಆ ತಾಯಿ, "ಇನ್ನೂ ಮೇಲಿನ ಹಲ್ಲು ಬರೋದಿದೆ ಸ್ವಾಮಿ" ಎಂದರು. ಸೀಸೆಯನ್ನು ಅವರ ಅಟ್ಟದ ಮೇಲೆಯೇ, ಮಕ್ಕಳ ಕೈಗೆಟುಕದಂತೆ, ಇಟ್ಟು ಬಂದಿದ್ದೇನೆ.